ಕೊನೆಯ ಮನುಷ್ಯ ಮರ ಕಡಿದರೆ ತಪ್ಪೇ?

ಯಾರಿಗೂ ತೊಂದರೆ ಆಗದಿದ್ದರೆ ಒಂದು ಹಳೇ ಮರ ಕಡಿಯುವುದು ಹೇಗೆ ತಪ್ಪಾಗುತ್ತದೆ, ಯಾವ ಸಿದ್ಧಾಂತ ಅದನ್ನು ತಪ್ಪು ಅನ್ನುತ್ತದೆ ಅಂತ ಕೇಳಿದ್ದೀರಿ. ನಿಮ್ಮ 'ಯಾರಿಗೂ' ಅನ್ನೋ ಪದದಲ್ಲೇ ಮನುಷ್ಯರು ಮಾತ್ರ ಲೆಕ್ಕಕ್ಕಿದ್ದಾರೆ, ಗಮನಿಸಿದಿರಾ?

1973ರಲ್ಲಿ ತತ್ವಜ್ಞಾನಿ ರಿಚರ್ಡ್ ರೌಟ್ಲಿ ಇದನ್ನೇ ಇನ್ನೂ ಬಿಗಿಯಾಗಿ ಕೇಳಿದ್ದರು. ಭೂಮಿಯಲ್ಲಿ ಉಳಿದಿರುವುದು ಒಬ್ಬನೇ ಮನುಷ್ಯ. ಅವನು ಕೈಗೆ ಸಿಕ್ಕ ಗಿಡ, ಪ್ರಾಣಿ ಎಲ್ಲವನ್ನೂ ಸುಮ್ನೆ ನಾಶ ಮಾಡುತ್ತಾ ಹೋಗುತ್ತಾನೆ. ನಷ್ಟವಾಗಲು ಬೇರೆ ಮನುಷ್ಯರೇ ಇಲ್ಲ. ಆದರೂ ಏನೋ ಕಸಿವಿಸಿ ಆಗುತ್ತದೆ, ಅಲ್ವಾ?

ಉಪಯುಕ್ತತಾವಾದ ಇಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. ಅದು ನೋಡುವುದು ಸುಖ, ನೋವನ್ನು. ಗೂಡು ಕಟ್ಟಿದ ಹಕ್ಕಿ ಲೆಕ್ಕಕ್ಕೆ ಬರುತ್ತದೆ, ಮರ ಬರುವುದಿಲ್ಲ. ಜರ್ಮನ್ ತತ್ವಜ್ಞಾನಿ ಕಾಂಟ್ ಅಂತೂ ಪ್ರಾಣಿಗಳ ವಿಷಯದಲ್ಲೂ ಸುತ್ತು ಬಳಸಿದರು: ಅವುಗಳಿಗೆ ಕ್ರೂರಿಯಾದವನು ಮನುಷ್ಯರಿಗೂ ಕ್ರೂರಿಯಾಗುತ್ತಾನೆ, ಅದಕ್ಕೇ ಬೇಡ ಅಂತ.

ನಿಮಗೆ ನೇರ ಉತ್ತರ ಸಿಗುವುದು ಅಮೆರಿಕದ ತತ್ವಜ್ಞಾನಿ ಪಾಲ್ ಟೇಲರ್ ಹತ್ತಿರ. ಮರಕ್ಕೆ ನೋವು ಗೊತ್ತಾಗಬೇಕಿಲ್ಲ. ಬೆಳೆಯುವುದು, ಚಿಗುರುವುದು, ಬೀಜ ಬಿಡುವುದು, ಹೀಗೆ ಅದಕ್ಕೂ ತನ್ನದೇ ಒಳಿತು ಇದೆ. ಅದನ್ನು ಕಾರಣವಿಲ್ಲದೆ ಕೆಡಿಸುವುದೇ ತಪ್ಪು.

ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೋಪೋಲ್ಡ್ ಒಂದೊಂದು ಮರಕ್ಕಿಂತ ಮಣ್ಣು, ನೀರು, ಜೀವಿಗಳ ಇಡೀ ಸಮುದಾಯವನ್ನು ನೋಡಿದರು. ಕಾಡಿನ ವಿಷಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಸಮುದಾಯದ ಒಳಿತಿಗೆ ಒಂಟಿ ಜೀವಿಯನ್ನು ಬಲಿ ಕೊಡಬಹುದಾ ಅನ್ನೋ ಪ್ರಶ್ನೆ ಏಳುತ್ತದೆ. ಪ್ರಾಣಿಗಳ ಹಕ್ಕಿನ ಪರ ವಾದಿಸಿದ ತತ್ವಜ್ಞಾನಿ ಟಾಮ್ ರೀಗನ್ ಇದಕ್ಕೆ 'ಪರಿಸರ ಫ್ಯಾಸಿಸಂ' ಅಂತಲೇ ಬೈದಿದ್ದರು. ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ ನನಗೆ, ಆದರೆ ಅವರ ಆತಂಕ ಸುಳ್ಳಲ್ಲ.