ಓದುಗರ ಪ್ರಶ್ನೆ, ಕಥೆಗಾರರ ಉತ್ತರ: ತೂಕದ ಪುಸ್ತಕದಲ್ಲಿ ಒಂದು ಚೀಲ ಹೆಚ್ಚು

ದೆವ್ವದ ಕಥೆ, ವಿಜ್ಞಾನ ಕಥೆ, ಮಾಯಾಕಥೆ ಬರೆಯುತ್ತಿರುವವರು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕು ಇಲ್ಲಿವೆ.

ಪ್ರಶ್ನೆ: ಕಾಫಿ ತೋಟದ ದೆವ್ವದ ಕಥೆ ಬರೆದೆ. ಜಡಿಮಳೆ, ಹಣ್ಣು ಕೊಯ್ಯುವ ಆಳುಗಳು, ಹುಣ್ಣಿಮೆ ರಾತ್ರಿ, ಹಾಳು ಬಂಗಲೆ, ಬಿಳಿ ಸೀರೆಯ ಹೆಂಗಸು ಎಲ್ಲ ಇದೆ. ಓದಿದ ಒಬ್ಬರೂ ಹೆದರಲಿಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ದೆವ್ವ ಬರುವ ಹೊತ್ತಿಗೆ ಓದುಗರ ನಂಬಿಕೆ ಹೋಗಿರುತ್ತದೆ. ಜಡಿಮಳೆಯಲ್ಲಿ ಯಾರೂ ಹಣ್ಣು ಕೊಯ್ಯುವುದಿಲ್ಲ. ಅರೇಬಿಕಾ ಕೊಯ್ಲು ಹೆಚ್ಚುಕಡಿಮೆ ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಫೆಬ್ರವರಿವರೆಗೆ. ಮಳೆಯೇ ಬೇಕೆಂದರೆ ಆಳುಗಳನ್ನು ಕಳೆ ತೆಗೆಯಲು, ಚರಂಡಿ ಬಿಡಿಸಲು ಹಚ್ಚಿ. ಚಂದ್ರನ ಲೆಕ್ಕವೂ ಸರಿಯಿರಲಿ. ಹುಣ್ಣಿಮೆ ಚಂದ್ರ ಹುಟ್ಟುವುದು ಸೂರ್ಯ ಮುಳುಗುವಾಗ, ನೆತ್ತಿಗೆ ಬರುವುದು ನಡುರಾತ್ರಿಯ ಸುಮಾರಿಗೆ. ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗಿ, ಬಹುಳ ಅಷ್ಟಮಿಯಂದು ಹುಟ್ಟುವಾಗಲೇ ನಡುರಾತ್ರಿ. ದೆವ್ವದ ಕಥೆಗೆ ನಮ್ಮ ಆಯ್ಕೆ ಈ ಅಷ್ಟಮಿ: ಕತ್ತಲಲ್ಲಿ ಹೊರಟವನಿಗೆ ದಾರಿಯ ನಡುವೆ, ಬೇಡವಾದ ಹೊತ್ತಿಗೆ ಬೆಳಕಾಗುತ್ತದೆ.

ಇನ್ನು ಹೆದರಿಕೆ. ಬಿಳಿ ಸೀರೆ ಓದುಗರಿಗೆ ಮೊದಲೇ ಗೊತ್ತು, ಅದನ್ನು ತೆಗೆಯಿರಿ. ತೋಟದಲ್ಲಿ ದಿನವೂ ತಪ್ಪದೆ ನಡೆಯುವ ಒಂದು ಕೆಲಸ ಹುಡುಕಿ, ಅದು ಒಮ್ಮೆ ತಪ್ಪಲಿ. ಬೆಳಿಗ್ಗೆ ಮೇಸ್ತ್ರಿ ಎಣಿಸಿ ತೋಟಕ್ಕೆ ಬಿಟ್ಟವರು 18 ಜನ, ತಲೆಗೊಂದು ಚೀಲ. ಸಂಜೆ ಕಣದಲ್ಲಿ ತೋಟದ ಲೆಕ್ಕ ನೋಡುವ ರೈಟರು ತೂಕ ಬರೆದಾಗ 18 ಚೀಲ. ಮರುದಿನವೂ ಹಾಗೇ. ಈ ಎರಡು ದಿನಕ್ಕೆ ನಾಲ್ಕೈದು ವಾಕ್ಯ ಸಾಕು, ಆದರೆ ಅವನ್ನು ಬಿಡುವಂತಿಲ್ಲ. ಲೆಕ್ಕ ಓದುಗರ ತಲೆಯಲ್ಲಿ ಕೂರುವುದು ಅಲ್ಲೇ. ಮೂರನೆಯ ದಿನ 19 ಚೀಲ. ಕೊನೆಯ ಚೀಲ ಬಿಚ್ಚಿದರೆ ಒಂದೂ ಹಸಿರು ಕಾಯಿ ಇಲ್ಲ, ಒಂದೂ ಎಲೆ ಇಲ್ಲ. ಮನುಷ್ಯರ ಕೈ ಅಷ್ಟು ಚೊಕ್ಕವಾಗಿ ಕೊಯ್ಯುವುದಿಲ್ಲ ಎಂದು ಕಣದಲ್ಲಿ ನಿಂತ ಎಲ್ಲರಿಗೂ ಗೊತ್ತು. ನೀವು ಅದನ್ನು ಬಾಯಿಬಿಟ್ಟು ಹೇಳಬೇಡಿ.

2,500 ಪದಗಳ ಕಥೆಯಾದರೆ ಈ ಚೀಲ 700 ಪದದೊಳಗೆ ಬರಲಿ. ತಡವಾದರೆ ಮುಂದಿನದ್ದೆಲ್ಲ ಅವಸರವಾಗುತ್ತದೆ. ‘ಎದೆ ಝಲ್ಲೆಂದಿತು’, ‘ಮೈ ನಡುಗಿತು’ ಎಂಬ ಸಾಲುಗಳನ್ನೆಲ್ಲ ಹೊಡೆದುಹಾಕಿ. ರೈಟರು ಏನು ಮಾಡಿದರು ಎಂದು ಬರೆಯಿರಿ: ಆ ಚೀಲವನ್ನು ಮತ್ತೆ ತೂಗಿದರು, ಯಾರ ಹೆಸರಿಗೆ ಬರೆಯುವುದೆಂದು ಕೇಳಿದರು, ಯಾರೂ ಬಾಯಿ ಬಿಡದಿದ್ದಾಗ ಪೆನ್ನಿನ ಮುಚ್ಚಳ ಹಾಕಿದರು.

ಪ್ರಶ್ನೆ: ನನ್ನ ವಿಜ್ಞಾನ ಕಥೆ ನಮ್ಮೂರಿನ ಇಸ್ರೋ ಕೇಂದ್ರದಲ್ಲಿ ನಡೆಯುತ್ತದೆ. ಹಳೆಯ ಉಪಗ್ರಹವೊಂದು ತಾನಾಗಿ ಉತ್ತರಿಸತೊಡಗುತ್ತದೆ. ಎಷ್ಟು ವಿಜ್ಞಾನ ಬೇಕು? ‘ಸಿಗ್ನಲ್’ಗೆ ಕನ್ನಡ ಪದ ಹಾಕಬೇಕೆ?
– ಓದುಗರು, ಹಾಸನ

ಉತ್ತರ: ಕಥೆಯನ್ನು ತಿರುಗಿಸುವಷ್ಟು ಸಾಕು. ಹಾಸನದಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತಿರುವವು) ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ. ಅಂದರೆ ಹೋಗಲು 0.12 ಸೆಕೆಂಡು, ಬರಲು ಅಷ್ಟೇ. ಕಾಲು ಸೆಕೆಂಡಿನ ಸುಮಾರು. ಈ ಲೆಕ್ಕ ಪೀಠಿಕೆಯಲ್ಲಿ ಬಂದರೆ ಪಾಠವಾಗುತ್ತದೆ. ಉತ್ತರ 0.1 ಸೆಕೆಂಡಿನಲ್ಲೇ ಬಂದ ರಾತ್ರಿ ಬಂದರೆ ಕಥೆಯಾಗುತ್ತದೆ: ಉತ್ತರಿಸುತ್ತಿರುವುದು ಉಪಗ್ರಹವಲ್ಲ, 15,000 ಕಿ.ಮೀ.ಗಿಂತ ಹತ್ತಿರವಿರುವ ಬೇರೇನೋ.

ದಿನಾಂಕವನ್ನೂ ಆರಿಸಿಕೊಳ್ಳಿ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸು, ಹಿಂದೆ ಮುಂದೆ ಮೂರು ವಾರ, ಈ ಉಪಗ್ರಹಗಳು ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಸಿಗುತ್ತವೆ. ಅತಿ ಹೆಚ್ಚೆಂದರೆ 72 ನಿಮಿಷ. ನಮ್ಮ ರೇಖಾಂಶದ ಸುಮಾರಿಗೆ ಇರುವ ಉಪಗ್ರಹಕ್ಕಾದರೆ ಅದು ನಮ್ಮ ನಡುರಾತ್ರಿಯ ಹೊತ್ತು. ಆಗ ಸೌರಫಲಕ ಕೆಲಸಕ್ಕೆ ಬಾರದು, ಬ್ಯಾಟರಿಯೇ ಗತಿ. ಬ್ಯಾಟರಿ ಸತ್ತ ಉಪಗ್ರಹ ಆ 72 ನಿಮಿಷದಲ್ಲಿ ಮಾತಾಡಿದರೆ ನಿಮಗೆ ದೆವ್ವವೇ ಬೇಡ. ಅಸಾಧ್ಯವಾದದ್ದು ಇದೊಂದೇ ಇರಲಿ. ಜೊತೆಗೆ ಅನ್ಯಗ್ರಹದ ಹಡಗನ್ನೂ ತಂದರೆ ಎರಡೂ ಸಪ್ಪೆಯಾಗುತ್ತವೆ.

ಪದದ ಮಾತು: ಪಾಳಿಯಲ್ಲಿರುವ ಎಂಜಿನಿಯರ್ ‘ಸಿಗ್ನಲ್ ಬಂತು’ ಎನ್ನುತ್ತಾರೆ. ಹಾಗೆಯೇ ಬರೆಯಿರಿ.

ಪ್ರಶ್ನೆ: ಹೊಯ್ಸಳರ ಕಾಲದ ಮಾಯಾಕಾದಂಬರಿಯಲ್ಲಿ ಶಿಲ್ಪಿ ಕಡೆದ ಮದನಿಕೆಗೆ ಜೀವ ಬರುತ್ತದೆ. ಅವಳು ಏನು ಬೇಕಾದರೂ ಮಾಡಬಲ್ಲಳು. ಅರ್ಧಕ್ಕೆ ಬಂದು ಕಥೆ ನಿಂತಿದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ಏನು ಬೇಕಾದರೂ ಮಾಡಬಲ್ಲವಳಿಗೆ ಕಷ್ಟ ಬರುವುದಿಲ್ಲ, ಅದಕ್ಕೇ ನಿಂತಿದೆ. ಮಿತಿಯನ್ನು ಅವಳ ಕಲ್ಲಿನಲ್ಲೇ ಹುಡುಕಿ. ಬೇಲೂರು, ಹಳೇಬೀಡಿನ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದು. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಅದಕ್ಕೇ ಅಷ್ಟು ನಾಜೂಕು ಕೆತ್ತನೆ. ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ನಿಮ್ಮ ಮದನಿಕೆಯೂ ಹಾಗೇ ಆಗಲಿ: ಶಕ್ತಿ ಬಳಸಿದಾಗಲೆಲ್ಲ ಕೈಯ ಒಂದು ಬೆರಳು ಕಲ್ಲಾಗಿ ಉಳಿಯಲಿ. ಹತ್ತು ಬೆರಳು, ಹತ್ತೇ ಸಲ. ಎರಡನೆಯ ಅಧ್ಯಾಯ ಮುಗಿಯುವುದರೊಳಗೆ ಓದುಗರಿಗೆ ಈ ನಿಯಮ ತಿಳಿದಿರಬೇಕು. ಕೊನೆಯಲ್ಲಿ ಹೇಳಿದರೆ ಮೋಸವೆನಿಸುತ್ತದೆ. ಮೊದಲ ಬೆರಳನ್ನು ಅವಳು ಕ್ಷುಲ್ಲಕ ಕೆಲಸಕ್ಕೆ ಕಳೆದುಕೊಳ್ಳಲಿ. ಎಂಟು ಹೋದ ಮೇಲೆ ಮೂರು ಕೆಲಸ ಬಾಕಿಯಿರಲಿ.

ಅಡುಗೆಮನೆಯನ್ನೂ ಒಮ್ಮೆ ನೋಡಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಆಗ ಇಲ್ಲಿ ಹಸಿಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಮುಸುಕಿನ ಜೋಳ, ಹೊಗೆಸೊಪ್ಪು ಯಾವುದೂ ಇಲ್ಲ. ಎಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ನಂತರದವು. ಕಾಫಿಯೂ ಇಲ್ಲ. ಖಾರಕ್ಕೆ ಕಾಳುಮೆಣಸು ಹಾಕಿ.

ಪ್ರಶ್ನೆ: ಕೊಳ್ಳಿದೆವ್ವದ ಕಥೆಗೆ ಕೊನೆಯಲ್ಲಿ ವೈಜ್ಞಾನಿಕ ಕಾರಣ ಕೊಡಲೇಬೇಕೆ?
– ಓದುಗರು, ಮೂಡಿಗೆರೆ

ಉತ್ತರ: ಬೇಕಿಲ್ಲ. ಕೊಡುವುದಾದರೆ ಮೊದಲ ಪುಟದಿಂದಲೇ ಅದಕ್ಕೆ ತಯಾರಿ ಬೇಕು. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಬೆಳಕು ಬೀರುವ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲಿದೆ. ಅದರ ಬೆಳಕು ಮಂಕು ಹಸಿರು. ಮಿನುಗುವುದಿಲ್ಲ, ನಡೆಯುವುದಿಲ್ಲ. ಟಾರ್ಚ್ ಹಾಕಿದರೆ ಮಾಯ. ಆರಿಸಿ ಕಣ್ಣು ಕತ್ತಲೆಗೆ ಹೊಂದಿಕೊಂಡರೆ ಮತ್ತೆ ಕಾಣುತ್ತದೆ. ಮಿನುಗಿದರೆ ಅದು ಮಿಂಚುಹುಳ. ನಿಮ್ಮ ಕಥೆಯ ಬೆಳಕು ಹಳ್ಳ ದಾಟಿ ಬಂದಿದ್ದರೆ ಶಿಲೀಂಧ್ರದ ಕಾರಣ ಒಪ್ಪುವುದಿಲ್ಲ. ಆದರೆ ಆ ತಪ್ಪನ್ನೇ ಬಳಸಿಕೊಳ್ಳಬಹುದು. ಊರಿನ ಮೇಷ್ಟ್ರು ಕೊಳೆತ ಮರದ ತುಂಡನ್ನು ತಂದು ಎಲ್ಲರಿಗೂ ತೋರಿಸಿ ಸಮಾಧಾನ ಮಾಡಲಿ, ಜನ ಮಲಗಲಿ. ಆಮೇಲೆ ಒಂದೇ ವಾಕ್ಯ: ತುಂಡು ಜಗುಲಿಯ ಮೇಲಿತ್ತು, ಬೆಳಕು ಹಳ್ಳದ ಈಚೆಗೆ ಬಂದಿತ್ತು.