ಭಾವ "ಕೊಂದುಬಿಡ್ತೀನಿ" ಅಂತಿದ್ದಾರೆ, ಬರೀ ಬಾಯಿಮಾತಾ?

ಅಕ್ಕ ಮನೆ ಬಿಟ್ಟು ಬರುವ ಮಾತೆತ್ತಿದಾಗಿನಿಂದ ಭಾವ "ಕೊಂದುಬಿಡ್ತೀನಿ" ಅಂತಿದ್ದಾರೆ ಎಂದು ಬರೆದಿದ್ದೀರಿ. ಹಿಂದೊಮ್ಮೆ ಜಗಳದಲ್ಲಿ ಕುತ್ತಿಗೆ ಹಿಸುಕಿದ್ದರು, ಗುರುತು ಬೀಳಲಿಲ್ಲ, ಹಾಗಾಗಿ ಸುಮ್ಮನಾದೆವು ಎಂದೂ ಹೇಳಿದ್ದೀರಿ. ನಾನು ಇಂಥ ಅಪಾಯವನ್ನು ಅಂದಾಜು ಮಾಡುವ ಮನಶ್ಶಾಸ್ತ್ರಜ್ಞೆ. ಬೆದರಿಕೆಗಿಂತ ಜಾಸ್ತಿ ನನ್ನನ್ನು ಹೆದರಿಸಿದ್ದು ಆ ಕುತ್ತಿಗೆಯ ವಿಷಯ.

ಕುತ್ತಿಗೆ ಹಿಸುಕಿದಾಗ ಎಷ್ಟೋ ಸಲ ಹೊರಗೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಟ್ಟಿತ್ತಾ, ಆಮೇಲೆ ಧ್ವನಿ ಒಡೆದಿತ್ತಾ, ನುಂಗಲು ಕಷ್ಟವಾಗಿತ್ತಾ, ಗೊತ್ತಿಲ್ಲದೆ ಮೂತ್ರ ಹೋಗಿತ್ತಾ ಎಂದು ಅಕ್ಕನನ್ನು ಮೆಲ್ಲಗೆ ಕೇಳಿ. ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಡಾಕ್ಟರಿಗೆ ತೋರಿಸಿ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಸಂಗಾತಿಯಿಂದ ಹಿಂಸೆ ಅನುಭವಿಸಿದ ಹೆಂಗಸರನ್ನೇ ಹೋಲಿಸಿ ನೋಡಿತು. ಹಿಂದೆ ಕುತ್ತಿಗೆ ಹಿಸುಕಿಸಿಕೊಂಡವರು ಮುಂದೆ ಅದೇ ಸಂಗಾತಿಯ ಕೈಯಲ್ಲಿ ಕೊಲೆಯಾಗುವ ಸಾಧ್ಯತೆ ಸುಮಾರು 7 ಪಟ್ಟು ಜಾಸ್ತಿ ಇತ್ತು.

"ಮಾಡೇ ಮಾಡ್ತಾರಾ?" ಎಂಬುದಕ್ಕೆ ಯಾರೂ ಖಚಿತ ಉತ್ತರ ಕೊಡಲಾರರು. ನಾವು ಕೇಳಿಕೊಳ್ಳುವುದು ಬೇರೆ: ಯಾರ ಮೇಲೆ, ಯಾವ ಹೊತ್ತಲ್ಲಿ, ಏನಾದರೆ ಕೈ ಮೀರುತ್ತದೆ? ಹಿಂದೆ ಕೈ ಎತ್ತಿದ್ದು, ಕುಡಿತ, ಮನೆಯಲ್ಲಿ ಆಯುಧ, ಹಿಂದೆ ಹಿಂದೆ ಸುತ್ತುವುದು, ಸಾಯ್ತೀನಿ ಎನ್ನುವ ಮಾತು, ಇವೆಲ್ಲ ತೂಕದವು. ಎಲ್ಲಕ್ಕಿಂತ ಹೆಂಡತಿ ಬಿಟ್ಟು ಹೊರಡುವ ಹೊತ್ತು ತುಂಬಾ ನಾಜೂಕಿನದು. ನೀವು ಈಗ ಅಲ್ಲೇ ನಿಂತಿದ್ದೀರಿ, ಅಲ್ವಾ? "ಭಾವನಿಗೆ ತಲೆ ಸರಿಯಿಲ್ಲವೇನೋ" ಎಂಬ ನಿಮ್ಮ ಅನುಮಾನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಬರೀ ಮಾನಸಿಕ ಕಾಯಿಲೆ ಇದೆ ಎಂಬುದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಜಾಕ್ವೆಲಿನ್ ಕ್ಯಾಂಪ್‌ಬೆಲ್ ಎಂಬ ನರ್ಸ್ 1985ರಲ್ಲಿ ಸಂಗಾತಿಯಿಂದ ಕೊಲೆಯಾಗುವ ಅಪಾಯ ಎಷ್ಟಿದೆ ಎಂದು ಅಂದಾಜು ಮಾಡಲೆಂದೇ ಒಂದು ಪ್ರಶ್ನಾವಳಿ ರೂಪಿಸಿದರು. ಅದರ ಜೊತೆಗೆ ಒಂದು ಕ್ಯಾಲೆಂಡರ್ ಇರುತ್ತದೆ. ಕಳೆದ ಒಂದು ವರ್ಷದಲ್ಲಿ ಹೊಡೆತ ಬಿದ್ದ ದಿನಗಳನ್ನು ಆ ಹೆಂಗಸೇ ಗುರುತು ಮಾಡಬೇಕು, ಪ್ರತಿ ಸಲ ಎಷ್ಟು ಪೆಟ್ಟಾಯಿತು ಎಂದೂ ಬರೆಯಬೇಕು. "ಯಾವಾಗಲೋ ಒಮ್ಮೆ" ಅನ್ನುತ್ತಿದ್ದವರು ಗುರುತು ಹಾಕುತ್ತಾ ಹೋದಂತೆ ಮೌನವಾಗುವುದನ್ನು ನಾನು ನೋಡಿದ್ದೇನೆ. ಅಕ್ಕನ ಜೊತೆ ಕೂತು ಇದನ್ನು ಮಾಡಿ. ಆ ಹಾಳೆ ಮಾತ್ರ ನಿಮ್ಮ ಹತ್ತಿರವೇ ಇರಲಿ, ಆ ಮನೆಗೆ ಹೋಗುವುದು ಬೇಡ.

ಅಕ್ಕ "ನನಗೆ ಭಯ" ಅಂದರೆ ವಾದ ಮಾಡಬೇಡಿ, ನಂಬಿ. ಪೊಲೀಸರಿಗೆ ಹೇಳುವಾಗ ಕುತ್ತಿಗೆ ಹಿಸುಕಿದ್ದನ್ನು ಮೊದಲು ಹೇಳಿ. ಹೊರಡುವ ದಿನ ಭಾವನಿಗೆ ಗೊತ್ತಾಗಬಾರದು. "ಕೊನೇ ಸಲ ಮಾತಾಡೋಣ ಬಾ" ಎಂದು ಕರೆದರೆ ಅಕ್ಕ ಒಬ್ಬಳೇ ಹೋಗುವುದಂತೂ ಬೇಡವೇ ಬೇಡ.