ಜೀಪಿನ ಹೌಸಿಂಗ್ ಆಯಿಲ್ ಮನೆಯಲ್ಲೇ ಬದಲಾಯಿಸಬಹುದಾ? ಯಾವ ಆಯಿಲ್ ಒಳ್ಳೆಯದು?

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ ಮುಗಿಸಿ. ಹಳೇ ಜೀಪು, ಹೊಸನಗರದ ಕಡೆ ತೋಟ, ಮಳೆಗಾಲದಲ್ಲಿ ದಿನಾ ಹಳ್ಳ ದಾಟುವ ಕೆಲಸ, ಹಿಂದಿನ ಹೌಸಿಂಗಿನಿಂದ (ಹಿಂದಿನ ಗಾಲಿಗಳ ನಡುವೆ ಡಿಫರೆನ್ಷಿಯಲ್ ಗೇರುಗಳು ಕೂತಿರುವ ಕಬ್ಬಿಣದ ಗೂಡು) ಗುಂಯ್ ಅನ್ನುವ ಸದ್ದು, ಪ್ಲಗ್ಗಿನ ಸುತ್ತ ಹಾಲು ಹಾಕಿದ ಕಾಫಿಯ ಬಣ್ಣದ ಜಿಡ್ಡು. ಇಷ್ಟು ಬರೆದು ನೀವು ಕೇಳಿದ್ದು ಯಾವ ಕಂಪನಿಯ ಆಯಿಲ್ ಹಾಕಲಿ ಅಂತ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಅಂಗಡಿ ಅಂಗಡಿ ಸುತ್ತಿದ್ದೆ. ಆಯಿಲ್ ಯಾವುದು ಅನ್ನುವುದು ಇದರಲ್ಲಿ ಕೊನೆಯ ಪ್ರಶ್ನೆ ಮಾರಾಯ್ರೇ.

ದೀಪಾವಳಿ ಕಳೆದು ಮೊದಲ ಅಡಿಕೆ ಕೊನೆ ಕೊಯ್ಲಿಗೆ ಇನ್ನು ಮೂರು ದಿನ ಇತ್ತು. ಒಂದು ಗಂಟೆಯ ಕೆಲಸ ಅಂದುಕೊಂಡು ಅಂಗಳದಲ್ಲಿ ಜೀಪು ನಿಲ್ಲಿಸಿ ಅಡಿಗೆ ಮಲಗಿದೆ. ಕೆಳಗಿನ ಡ್ರೈನ್ ಪ್ಲಗ್ ಸಲೀಸಾಗಿ ಬಿಚ್ಚಿತು. ಮೊದಲು ಒಂದು ಲೋಟದಷ್ಟು ಬರೀ ನೀರು, ಆಮೇಲೆ ಬೂದು ಕಂದು ಬಣ್ಣದ ಮಂದ ದ್ರವ. ಪೂರ್ತಿ ಇಳಿಯಲಿ ಅಂತ ಬಿಟ್ಟು ಒಳಗೆ ಹೋಗಿ ಕಾಫಿ ಕುಡಿದು ಬಂದೆ. ಡ್ರೈನ್ ಪ್ಲಗ್ ವಾಪಸ್ ಹಾಕಿ, ಹೊಸ ಆಯಿಲ್ ತುಂಬಲು ಪಕ್ಕದ ಫಿಲ್ಲರ್ ಪ್ಲಗ್ಗಿಗೆ ಕೈ ಹಾಕಿದರೆ ಅದು ಜಪ್ಪಯ್ಯ ಅನ್ನಲಿಲ್ಲ.

ಕಳೆದುಕೊಂಡಿದ್ದು ಇಲ್ಲೇ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಡ್ರೈನ್ ಪ್ಲಗ್ ಯಾವಾಗಲೂ ಆಯಿಲ್‌ನಲ್ಲಿ ನೆನೆದಿರುತ್ತದೆ, ಹಾಗಾಗಿ ಅದರ ಮರೆ (ತಿರುಪಿನ ಗೆರೆ) ತುಕ್ಕು ಹಿಡಿಯುವುದು ಕಡಿಮೆ. ಫಿಲ್ಲರ್ ಪ್ಲಗ್ ಇರುವುದು ಆಯಿಲ್ ಮಟ್ಟದ ಮೇಲೆ, ಹೌಸಿಂಗಿನ ಮಗ್ಗುಲಲ್ಲಿ. ಒಳಗಿನ ಆಯಿಲ್ ಅದಕ್ಕೆ ಸರಿಯಾಗಿ ತಾಗುವುದಿಲ್ಲ, ಹೊರಗಿನ ಕೆಸರು ನೀರು ಮಾತ್ರ ದಿನಾ ಬಡಿಯುತ್ತದೆ. ಅದರ ಮೇಲೆ ಹಿಂದಿನವರು ಯಾರೋ ಹ್ಯಾಂಡಲ್‌ಗೆ ಪೈಪು ಸಿಕ್ಕಿಸಿ ಬಿಗಿದಿದ್ದರು. ನನ್ನ ಜೀಪಿನಲ್ಲಿ ಆ ಪ್ಲಗ್ಗಿಗೆ ಹೊರಗೆ ತಲೆ ಇಲ್ಲ, ಒಳಗೆ ಚೌಕದ ಕುಳಿ ಇದೆ. ಕುಳಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದು ತೆಗೆಯದೆ ರಾಡ್ ತೂರಿಸಿದೆ. ಅರ್ಧ ಮಾತ್ರ ಒಳಗೆ ಹೋಗಿದ್ದ ರಾಡಿನ ಮೇಲೆ ಎರಡೂ ಕೈಯ ಬಲ ಹಾಕಿದೆ. ಕುಳಿಯ ಮೂಲೆಗಳು ಸವೆದು ಚೌಕ ಹೋಗಿ ದುಂಡಗಾಯಿತು. ಈಗ ಹೌಸಿಂಗಿನಲ್ಲಿ ಹನಿ ಆಯಿಲ್ ಇಲ್ಲ, ತುಂಬಲು ದಾರಿಯಿಲ್ಲ, ಗಾಡಿಯನ್ನು ಹತ್ತಡಿಯೂ ಓಡಿಸುವ ಹಾಗಿಲ್ಲ. ಒಳಗಿನ ಕ್ರೌನ್ ಮತ್ತು ಪಿನಿಯನ್ ಅನ್ನುವ ದೊಡ್ಡ, ಚಿಕ್ಕ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಬರೀ ಉರುಳುವುದಿಲ್ಲ, ಒತ್ತಿಕೊಂಡು ಜಾರುತ್ತವೆ. ನಡುವೆ ಆಯಿಲ್ ಪದರ ಇಲ್ಲದಿದ್ದರೆ ಲೋಹ ಲೋಹಕ್ಕೆ ಕಚ್ಚಿ ಕೆಲವೇ ಕಿಲೋಮೀಟರಿನಲ್ಲಿ ಸೆಟ್ ಹಾಳು. ಪಿನಿಯನ್ ಬೇರಿಂಗಿಗೂ ಕ್ರೌನ್ ಎರಚುವ ಆಯಿಲ್ಲೇ ಗತಿ.

ಅದೇ ಮೇಲಿನ ಪ್ಲಗ್ಗನ್ನು ಮೊದಲು ಬಿಚ್ಚಲು ನೋಡಿದ್ದರೆ? ಬಿಚ್ಚದಿದ್ದರೆ ಹಳೇ ಆಯಿಲ್‌ನಲ್ಲೇ ನಿಧಾನಕ್ಕೆ ವರ್ಕ್‌ಶಾಪಿಗೆ ಓಡಿಸಿಕೊಂಡು ಹೋಗುತ್ತಿದ್ದೆ. ನೀರು ಬೆರೆತ ಆಯಿಲ್ ಕೆಟ್ಟದ್ದೇ, ಆದರೆ ಆಯಿಲ್ಲೇ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ನನಗೆ ನಾಲ್ಕು ದಿನ ಹೋಯಿತು. ವೆಲ್ಡಿಂಗಿನ ಹುಡುಗ ಎರಡನೇ ದಿನ ಬಂದ, ಬಂದಾಗ ಕರೆಂಟ್ ಇಲ್ಲ. ಕರೆಂಟ್ ಬಂದಾಗ ಓಲ್ಟೇಜ್ ಇಲ್ಲ. “ಅಣ್ಣಾ, ಮೇಲಿಂದು ಬಿಚ್ಚದೆ ಕೆಳಗಿಂದು ಯಾಕೆ ಬಿಚ್ಚಿದ್ರಿ?” ಅಂತ ಅವನು ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ಅಪ್ಪಯ್ಯ ಕೇಳಿದಾಗಲೂ ಇರಲಿಲ್ಲ. ಕೊನೆ ಸಾಗಿಸಲು ಬಾಡಿಗೆ ಪಿಕಪ್ ತಂದಿದ್ದು ಬೇರೆ.

ಕಡೆಗೆ ಆ ಪ್ಲಗ್ ಬಂದಿದ್ದು ಹೀಗೆ. ದುಂಡಗಾದ ಕುಳಿಯ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನ ಒಳಗಿಂದ ಪ್ಲಗ್ಗಿಗೆ ವೆಲ್ಡ್ ಮಾಡಿದ. ಆ ಕಾವಿಗೇ ತುಕ್ಕಿನ ಹಿಡಿತ ಸಡಿಲವಾಯಿತು. ಸ್ವಲ್ಪ ಆರಲು ಬಿಟ್ಟು ಸ್ಪ್ಯಾನರ್ ಹಾಕಿದರೆ ಕಿರ್ ಅಂತ ತಿರುಗಿತು. ನಿಮಗೂ ಈ ಗತಿ ಬಂದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿಡಿ. ವೆಲ್ಡಿಂಗಿನ ಅರ್ತ್ ಕ್ಲಾಂಪನ್ನು ಚಾಸಿಗೆ ಕೊಡಬೇಡಿ, ಹೌಸಿಂಗಿಗೇ ಪ್ಲಗ್ಗಿನ ಹತ್ತಿರ ಕೊಡಿ. ದೂರ ಕೊಟ್ಟರೆ ಕರೆಂಟು ಬೇರಿಂಗ್ ಮೂಲಕ ಹಾದು ಅದರ ಮೈಮೇಲೆ ಚುಕ್ಕೆ ಬೀಳಿಸುವ ಸಾಧ್ಯತೆ ಇದೆ. ಒಳಗೆ ಡೀಸೆಲ್ಲೋ ಪೆಟ್ರೋಲೋ ಹಾಕಿ ತೊಳೆದಿದ್ದರೆ ವೆಲ್ಡಿಂಗ್ ಮಾತೇ ಬೇಡ.

ಇನ್ನೊಂದು ದಾರಿ ಇತ್ತು, ಅದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಹೌಸಿಂಗಿನ ಮೇಲ್ಗಡೆ ಬ್ರೀದರ್ ಅಂತ ಒಂದು ಪುಟ್ಟ ಟೋಪಿಯಂಥದ್ದು ಇರುತ್ತದೆ. ಅದನ್ನು ಬಿಚ್ಚಿ ಆ ತೂತಿಗೆ ಸಣ್ಣ ಪೈಪು ಕೊಟ್ಟು ದೊಡ್ಡ ಸಿರಿಂಜಿನಲ್ಲಿ ಆಯಿಲ್ ಇಳಿಸಬಹುದು. ಅರ್ಧ ದಿನ ಹಿಡಿಯುತ್ತದೆ, ಮಟ್ಟ ಕಣ್ಣಿಗೆ ಕಾಣುವುದಿಲ್ಲ, ಗಾಡಿಯ ಬುಕ್ಕಿನಲ್ಲಿ ಕೊಟ್ಟ ಅಳತೆಯಷ್ಟೇ ಅಳೆದು ಹಾಕಬೇಕು. ಹಳೇದು ಎಷ್ಟು ಇಳಿಯಿತೋ ಅಷ್ಟು ಅಂತ ಹಾಕಬೇಡಿ, ಅದರಲ್ಲಿ ನೀರಿನ ಪಾಲೂ ಇರುತ್ತದೆ. ಗಾಡಿಯನ್ನು ವರ್ಕ್‌ಶಾಪಿಗೆ ಮುಟ್ಟಿಸಲಂತೂ ಇಷ್ಟು ಸಾಕು.

ಬ್ರೀದರ್ ಅಂದೆನಲ್ಲ, ನಿಮ್ಮ ರೋಗದ ಮೂಲವೂ ಬಹುಶಃ ಅದೇ. ಜೀಪು ಐದಾರು ಕಿಲೋಮೀಟರ್ ಓಡಿ ಹಳ್ಳಕ್ಕೆ ಇಳಿಯುವಾಗ ಹೌಸಿಂಗ್ ಬಿಸಿಯಾಗಿರುತ್ತದೆ. ಹಳ್ಳದ ತಣ್ಣೀರಲ್ಲಿ ಮುಳುಗಿದ ಕೂಡಲೇ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗ ತುಂಬಲು ಹೊರಗಿಂದ ಏನಾದರೂ ಒಳಗೆ ಬರಲೇಬೇಕು. ಬ್ರೀದರ್ ನೀರಿನ ಅಡಿ ಇದ್ದರೆ ಅಲ್ಲಿಂದ, ಕೆಸರು ಕಟ್ಟಿ ಮುಚ್ಚಿದ್ದರೆ ಆಯಿಲ್ ಸೀಲಿನ (ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಬಳೆ) ತುಟಿಯ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಇದ್ದುಕೊಂಡು ಬ್ರೀದರ್ ನೋಡದೆ ಬರೀ ಆಯಿಲ್ ಬದಲಾಯಿಸುವುದು, ಸೋರುವ ಹಂಚು ಬಿಟ್ಟು ನೆಲ ಒರೆಸಿದ ಹಾಗೆ. ಬಿಚ್ಚಿ ಡೀಸೆಲ್‌ನಲ್ಲಿ ನೆನೆಸಿ ಊದಿ ನೋಡಿ, ಗಾಳಿ ಸರಾಗ ಆಡಬೇಕು. ಅದಕ್ಕಿಂತ ಒಳ್ಳೆಯದು, ಆ ಟೋಪಿ ತೆಗೆದು ಅಲ್ಲಿ ನಿಪ್ಪಲ್ ಕೂರಿಸಿ, ಡೀಸೆಲ್ ಪೈಪಿನ ತುಂಡು ಹಾಕಿ ಮೇಲೆ ಬಾಡಿಯ ಒಳಗೆ ಟೈಲ್ ಲ್ಯಾಂಪಿನ ಎತ್ತರಕ್ಕೆ ಒಯ್ಯುವುದು. ಹೌಸಿಂಗ್ ಮೇಲೆ ಕೆಳಗೆ ಕುಣಿಯುವುದರಿಂದ ಪೈಪು ಎಳೆದು ಕಟ್ಟಬೇಡಿ, ನಡುವೆ ಸಡಿಲ ಬಿಡಿ. ಬ್ರೀದರ್ ಕಟ್ಟಿದ್ದರೆ ಉಲ್ಟಾ ತೊಂದರೆಯೂ ಉಂಟು. ಬಿಸಿಯಾದಾಗ ಒತ್ತಡ ಹೊರಗೆ ಹೋಗಲಾಗದೆ ಸೀಲು ದಾಟಿ ಆಯಿಲ್ ಬ್ರೇಕ್ ಡ್ರಮ್ಮಿಗೆ ಬರುತ್ತದೆ. ಘಾಟಿಯಲ್ಲಿ ಅದು ತಮಾಷೆಯಲ್ಲ.

ಒಳಗೆ ನೀರಿದೆಯಾ ಅಂತ ನೋಡಲು ರಾತ್ರಿಯಿಡೀ ಗಾಡಿ ನಿಲ್ಲಿಸಿ, ಬೆಳಿಗ್ಗೆ ಅಲ್ಲಾಡಿಸದೆ, ಮೇಲಿನ ಪ್ಲಗ್ ಬಿಚ್ಚುತ್ತದೆ ಅಂತ ಖಾತ್ರಿ ಮಾಡಿಕೊಂಡು, ಡ್ರೈನ್ ಪ್ಲಗ್ಗನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುವುದು ಮೊದಲು ತೊಟ್ಟಿಕ್ಕುತ್ತದೆ. ಪೂರಾ ಬೆರೆತು ಹೋಗಿದ್ದರೆ ಬೇರೆಯಾಗುವುದಿಲ್ಲ, ಆಗ ಬಣ್ಣವೇ ಹೇಳುತ್ತದೆ. ಅನುಮಾನವಿದ್ದರೆ ಕಾದ ಕಬ್ಬಿಣದ ಮೇಲೆ ಒಂದು ಹನಿ ಬಿಡಿ, ನೀರಿದ್ದರೆ ಒಗ್ಗರಣೆಯ ಸಾಸಿವೆ ಹಾಗೆ ಚಟಪಟ ಅನ್ನುತ್ತದೆ. (ದೋಸೆ ಕಾವಲಿ ಬೇಡ. ನಾನು ಬೈಸಿಕೊಂಡಾಗಿದೆ.) ಡ್ರೈನ್ ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಬೂದಿಯಂಥ ನುಣುಪು ಕೆಸರು ಅಂಟಿರುವುದು ಸಹಜ. ನುಚ್ಚಕ್ಕಿಯಷ್ಟು ದಪ್ಪ ಚೂರು ಸಿಕ್ಕಿದರೆ ಹಲ್ಲೋ ಬೇರಿಂಗೋ ಹೋಗಿದೆ. ನಿಮ್ಮ ಆ ಗುಂಯ್ ಸದ್ದಿಗೆ ಆಗ ಆಯಿಲ್ ಮದ್ದಲ್ಲ, ಹೌಸಿಂಗ್ ಬಿಚ್ಚಿಸಬೇಕು.

ಬದಲಾಯಿಸುವ ದಿನ ಮೊದಲು ಎರಡೂ ಪ್ಲಗ್ಗಿನ ಕುಳಿಯನ್ನು ಮೊಳೆಯಿಂದ ಕೆರೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನೆಲ ಸಮತಟ್ಟಾಗಿರಲಿ. ಜೀಪಿನಡಿ ಜಾಗ ಸಾಕಷ್ಟಿದೆ, ಜಾಕ್ ಬೇಡ, ಹಿಂದೆ ಮಾತ್ರ ಎತ್ತಿದರೆ ಮಟ್ಟ ತಪ್ಪುತ್ತದೆ. ಗಾಲಿಗೆ ಕಲ್ಲು ಕೊಡಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಬಿಸಿ ಇರುವಾಗಲೇ ಇಳಿಸಿದರೆ ಕೊಳೆಯೆಲ್ಲ ಜೊತೆಗೆ ಬರುತ್ತದೆ. ಫಿಲ್ಲರ್ ಮೊದಲು, ಡ್ರೈನ್ ಆಮೇಲೆ. ಕೆಲವು ಗಾಡಿಗೆ ಡ್ರೈನ್ ಪ್ಲಗ್ಗೇ ಇರುವುದಿಲ್ಲ, ಹಿಂದಿನ ಕವರ್ ಬಿಚ್ಚಬೇಕು. ಆಗ ಹೊಸ ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ.

ನೀರು ಹೊಕ್ಕ ಹೌಸಿಂಗಿಗೆ ಒಂದು ಸಲ ಬದಲಾಯಿಸಿದರೆ ಸಾಲದು. ಮೂಲೆ ಮೂಲೆಯಲ್ಲಿ ಆ ಮಜ್ಜಿಗೆಯಂಥದ್ದು ಅಂಟಿಕೊಂಡಿರುತ್ತದೆ. ಡೀಸೆಲ್ ಹಾಕಿ ಓಡಿಸಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಡೀಸೆಲ್ ಪದರ ಆ ಒತ್ತಡ ತಡೆಯುವುದಿಲ್ಲ. ಬುಕ್ಕಿನಲ್ಲಿ ಹೇಳಿದ ಗ್ರೇಡಿನದೇ ಅಗ್ಗದ ಆಯಿಲ್ ಪೂರ್ತಿ ಮಟ್ಟಕ್ಕೆ ಹಾಕಿ, ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ಇಳಿಸಿ, ಆಮೇಲೆ ಒಳ್ಳೆಯದನ್ನು ತುಂಬಿ.

ತುಂಬುವುದೇ ಪಜೀತಿ. ತೂತು ಮಗ್ಗುಲಲ್ಲಿದೆ, ಡಬ್ಬ ಬಗ್ಗಿಸಲು ಜಾಗವಿಲ್ಲ. ದನಕ್ಕೆ ಗೊಟ್ಟದಲ್ಲಿ ಔಷಧಿ ಹಾಕಿದ ಹಾಗೆ ಮಾಡಲು ಹೋದರೆ ಅರ್ಧ ನೆಲಕ್ಕೆ. ಗಾರೆ ಕೆಲಸದವರ ಲೆವೆಲ್ ಪೈಪು ಒಂದೆರಡು ಮೀಟರ್ ತಂದು, ಒಂದು ತುದಿ ತೂತಿಗೆ ಕೊಟ್ಟು, ಇನ್ನೊಂದು ತುದಿಗೆ ಆಲಿಕೆ ಸಿಕ್ಕಿಸಿ ಟಾಪಿನ ಕಂಬಿಗೆ ಕಟ್ಟಿ. ಚಳಿಗಾಲದ ಬೆಳಿಗ್ಗೆ ಗೇರ್ ಆಯಿಲ್ ಜೋನಿಬೆಲ್ಲದ ಹಾಗೆ ಇಳಿಯುವುದೇ ಇಲ್ಲ. ಬಚ್ಚಲ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತಂದು ಮುಚ್ಚಿದ ಡಬ್ಬವನ್ನು ಕಾಲು ಗಂಟೆ ಅದರಲ್ಲಿ ಇಟ್ಟರೆ ಸಲೀಸು. ನನ್ನದಕ್ಕೆ ಒಂದೂಕಾಲು ಲೀಟರ್ ಹಿಡಿಯಿತು. ನಿಮ್ಮದು ಬೇರೆ ಇರಬಹುದು, ಬುಕ್ಕು ನೋಡಿ ಅರ್ಧ ಲೀಟರ್ ಜಾಸ್ತಿಯೇ ತನ್ನಿ. ತೂತಿನ ಕೆಳ ಅಂಚಿಗೆ ಬಂದು ಹೊರಗೆ ಜಿನುಗಲು ಶುರುವಾದರೆ ಸಾಕು, ಜಿನುಗು ನಿಂತ ಮೇಲೆ ಪ್ಲಗ್ ಹಾಕಿ. ಇನ್ನಷ್ಟು ಇರಲಿ ಅಂತ ಗಾಡಿ ಓರೆ ಮಾಡಿ ತುಂಬಿದರೆ ನೊರೆ ಎದ್ದು ಸೀಲಿನಿಂದ ಹೊರಗೆ ಬರುತ್ತದೆ. ಪ್ಲಗ್ಗಿಗೆ ವಾಷರ್ ಇದ್ದರೆ ಹೊಸದು ಹಾಕಿ. ತುದಿ ಕಿರಿದಾಗುತ್ತಾ ಹೋಗುವ ಮರೆಯ ಪ್ಲಗ್ಗಿಗೆ ವಾಷರ್ ಇರುವುದಿಲ್ಲ, ಒಂದಡಿಯ ಹ್ಯಾಂಡಲ್ಲಿಗೆ ಒಂದೇ ಕೈಯ ಬಲ ಸಾಕು.

ಇನ್ನು ನೀವು ಕೇಳಿದ್ದು. ಡಿಫರೆನ್ಷಿಯಲ್‌ಗೆ ಡಬ್ಬದ ಮೇಲೆ ಜಿಎಲ್-5 (ಗೇರ್ ಆಯಿಲ್ ಒತ್ತಡ ತಡೆಯುವ ದರ್ಜೆ) ಅಂತ ಇರಬೇಕು, ಗ್ರೇಡ್, ಅಂದರೆ ಮಂದದ ಅಳತೆ, ಬುಕ್ಕಿನಲ್ಲಿ ಇದ್ದದ್ದು, ನಾನು ಹಾಕುವುದು 80ಡಬ್ಲ್ಯೂ-90. ಉಳಿದದ್ದನ್ನು ಗೇರ್‌ಬಾಕ್ಸಿಗೂ ಸುರಿಯಬೇಡಿ. ಅದರ ಗಂಧಕದ ಅಂಶ ಗೇರ್‌ಬಾಕ್ಸಿನಲ್ಲಿ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ಸಿಂಕ್ರೋ ರಿಂಗುಗಳನ್ನು ತಿನ್ನಬಹುದು, ಬುಕ್ಕು ಜಿಎಲ್-4 ಅಂದರೆ ಅದೇ ಹಾಕಿ. ಸಿಂಥೆಟಿಕ್ ನಮ್ಮಂಥವರಿಗೆ ದುಡ್ಡು ದಂಡ. ಇಷ್ಟು ಸಾವಿರ ಕಿಲೋಮೀಟರಿಗೆ ಬದಲಾಯಿಸಿ ಅನ್ನುವ ಲೆಕ್ಕ ಒಣ ರಸ್ತೆಯವರದ್ದು. ನಾವು ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಬದಲಾಯಿಸುವವರು, ಸಾಧಾರಣ ಖನಿಜ ಆಯಿಲ್ ಧಾರಾಳ ಸಾಕು.

ಹಳೇ ಆಯಿಲ್ ಹಳ್ಳಕ್ಕೂ ತೋಟದ ಬಸಿಗಾಲುವೆಗೂ ಹೋಗದಿರಲಿ, ಡಬ್ಬದಲ್ಲಿ ಕೂಡಿಟ್ಟು ವೇಸ್ಟ್ ಆಯಿಲ್ ಒಯ್ಯುವವರಿಗೆ ಕೊಡಿ. ಕೈಯ ನಾತಕ್ಕೆ ಸೋಪು ನಾಟುವುದಿಲ್ಲ, ಅಂಟುವಾಳ ಹಾಕಿ ಎರಡು ಸಲ ಉಜ್ಜಿ.

ನಾಳೆ ಬೆಳಿಗ್ಗೆ ಆ ಫಿಲ್ಲರ್ ಪ್ಲಗ್ ಒಂದನ್ನೇ ತಿರುಗಿಸಿ ನೋಡಿ. ಬರದಿದ್ದರೆ ಜಾಸ್ತಿ ಬಲ ಹಾಕಬೇಡಿ, ಕುಳಿಯ ಫೋಟೋ ತೆಗೆದು ಇಲ್ಲಿ ಹಾಕಿ.